ಕಾರಿನ ಕೆಲಸ ಮನೆಯಲ್ಲೇ ಮಾಡುವಾಗ ದುಡ್ಡು ಹೋಗುವುದು ಎಲ್ಲಿ? ಕರಾವಳಿ ಮತ್ತು ಘಟ್ಟದವರಿಗೆ ಸಮಗ್ರ ಮಾರ್ಗದರ್ಶಿ

ಕುಮಟಾದ ನಮ್ಮ ಮನೆ ಅಂಗಳದಲ್ಲಿ ನಾನು ಮೊದಲ ಸಲ ಎಂಜಿನ್ ಆಯಿಲ್ ಬದಲಿಸಿದ್ದು ಏಪ್ರಿಲ್‌ನ ಒಂದು ಭಾನುವಾರ. ಹಳೇ ಆಯಿಲ್ ಇಳಿಸಿ ಕೆಳಗಿನ ಡ್ರೈನ್ ಬೋಲ್ಟು ಹಾಕಿದೆ. ಸೋರಬಾರದಲ್ಲ ಎಂದು ಇನ್ನಷ್ಟು ಬಿಗಿ ಮಾಡಿದೆ. ಆಮೇಲೆ ಮತ್ತೂ ಸ್ವಲ್ಪ. ಪಾನಾ ಒಮ್ಮೆಲೇ ಹಗುರವಾಗಿ ತಿರುಗಿತು. ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಅಲ್ಯುಮಿನಿಯಂ ಸಂಪಿನ ತ್ರೆಡ್ ಹೋಗಿತ್ತು. ಹುಬ್ಬಳ್ಳಿಯಿಂದ ಬೇರೆ ಸಂಪ್ ಬರುವವರೆಗೆ ಆರು ದಿನ ಕಾರು ಅಂಗಳ ಬಿಟ್ಟು ಕದಲಲಿಲ್ಲ. ಉಳಿಸಲು ಹೊರಟಿದ್ದು ನಾಲ್ಕೈದು ನೂರು ರೂಪಾಯಿ ಕೂಲಿ, ಹೋಗಿದ್ದು ಏಳು ಸಾವಿರದ ಮೇಲೆ.

ಮನೆಗೇ ಬಂದು ಸಂಪ್ ಹಾಕಿಕೊಟ್ಟ ಮೆಕ್ಯಾನಿಕ್ ಅಂದು ಹೇಳಿದ ಮಾತು ಇದು: "ಮಾರಾಯ್ರೇ, ಆಯಿಲ್ ತಡೆಯೋದು ವಾಷರ್ರು. ನಿಮ್ಮ ಕೈ ಬಲ ಅಲ್ಲ."

ಅದಾಗಿ ಹನ್ನೊಂದು ವರ್ಷ ಆಯಿತು. ಈಗಲೂ ಆಯಿಲ್, ಬ್ರೇಕ್ ಪ್ಯಾಡು, ಬ್ಯಾಟರಿ, ಸ್ಪಾರ್ಕ್ ಪ್ಲಗ್ಗು, ಫಿಲ್ಟರ್ ಎಲ್ಲ ನಾನೇ ಮಾಡುತ್ತೇನೆ. ನಮ್ಮ ಕಡೆಯ ಗೆಳೆಯರು ಮಾಡಿಕೊಂಡ ಎಡವಟ್ಟುಗಳನ್ನೂ ನೋಡಿದ್ದೇನೆ. ನನಗೆ ಕಂಡದ್ದು ಇಷ್ಟು. ಕಡಿಮೆ ಮಾಡಿ ಹಾಳಾದದ್ದಕ್ಕಿಂತ ಜಾಸ್ತಿ ಮಾಡಿ ಹಾಳಾದದ್ದೇ ಹೆಚ್ಚು. ಜಾಸ್ತಿ ಬಿಗಿ, ಜಾಸ್ತಿ ಆಯಿಲ್, ಜಾಸ್ತಿ ನೀರು, ಜಾಸ್ತಿ ಗ್ರೀಸು. ನಮ್ಮಲ್ಲಿ ಇದರ ಮೇಲೆ ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಘಟ್ಟದ ಇಳಿಜಾರು ಬೇರೆ.

ಪಾನಾ ಹಿಡಿಯುವ ಮೊದಲು

ಕಾರಿನ ಜೊತೆ ಬಂದ ಕೈಪಿಡಿ ಹುಡುಕಿ ಇಟ್ಟುಕೊಳ್ಳಿ. ಆಯಿಲ್ ಗ್ರೇಡು, ಎಷ್ಟು ಲೀಟರ್, ಜಾಕ್ ಎಲ್ಲಿ ಕೊಡಬೇಕು, ಎಲ್ಲ ಅದರಲ್ಲಿದೆ. ಗೆಳೆಯನ ಕಾರಿನ ಲೆಕ್ಕ ನಿಮ್ಮ ಕಾರಿಗೆ ಬಾರದು.

ಒಂದು ಟಾರ್ಕ್ ರೆಂಚ್ ಕೊಳ್ಳಿ. ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಇಟ್ಟರೆ, ಅಲ್ಲಿಗೆ ತಲುಪಿದಾಗ 'ಟಕ್' ಎನ್ನುವ ಪಾನಾ ಅದು. ಜಾಕಿನಿಂದ ಎತ್ತಿದ ಕಾರನ್ನು ಹೊತ್ತು ನಿಲ್ಲುವ ಎರಡು ಆಕ್ಸಲ್ ಸ್ಟ್ಯಾಂಡೂ ಬೇಕು. ಇವೆರಡೂ ಇಲ್ಲದೆ ಕಾರಿನ ಅಡಿಯ ಕೆಲಸ ಶುರು ಮಾಡಬೇಡಿ.

ಬೇಕಾದ ಸಾಮಾನು ಪೂರ್ತಿ ಕೈಗೆ ಬಂದ ಮೇಲೆಯೇ ಬಿಚ್ಚಬೇಕು. ಬೆಂಗಳೂರಿನವರು ಅರ್ಧ ಬಿಚ್ಚಿ ಅಂಗಡಿಗೆ ಓಡಬಹುದು. ನಮಗೆ ಸ್ವಲ್ಪ ಅಪರೂಪದ ಸಾಮಾನು ಬೇಕಾದರೆ ಹುಬ್ಬಳ್ಳಿ, ಇಲ್ಲವೇ ಕಾರವಾರದವರಿಗೆ ಮಡಗಾಂವ್. ಭಾನುವಾರ ಸಂಜೆ ಒಂದು ವಾಷರ್ ಇಲ್ಲ ಎಂದರೆ ಸೋಮವಾರ ಆಫೀಸಿಗೆ ಬಸ್ಸೇ ಗತಿ. ವಾರಂಟಿ ಇನ್ನೂ ಇರುವ ಕಾರಾದರೆ ಅದರ ಷರತ್ತು ಮೊದಲು ಓದಿ.

ಜಾಕ್: ಇಲ್ಲಿ ತಪ್ಪಿದರೆ ಜೀವವೇ ಹೋಗುತ್ತದೆ

ಕಾರಿನ ಜೊತೆ ಬರುವ ಜಾಕ್ ಇರುವುದು ಸ್ಟೆಪ್ನಿ ಹಾಕಲಿಕ್ಕೆ ಮಾತ್ರ. ಅದರ ಮೇಲೆ ನಿಂತ ಕಾರಿನ ಅಡಿಗೆ ತಲೆ ಹಾಕಲೇಬಾರದು. ನಮ್ಮ ಅಂಗಳ ಸಾಮಾನ್ಯವಾಗಿ ಕೆಂಪು ಮಣ್ಣು. ಮಳೆ ಬಿದ್ದ ಮೇಲೆ ಮೇಲ್ಗಡೆ ಗಟ್ಟಿ ಕಂಡರೂ ಭಾರ ಬಿದ್ದಾಗ ಒಂದೇ ಬದಿಗೆ ಕುಸಿಯುತ್ತದೆ.

ಇನ್ನೊಂದು ನಮ್ಮ ಊರಿನದೇ ಅಭ್ಯಾಸ. ಸ್ಟ್ಯಾಂಡ್ ಬದಲು ಚಿರೇಕಲ್ಲು ಇಡುವುದು. ಗೋಡೆಯಲ್ಲಿ ಚಿರೇಕಲ್ಲು ಎಷ್ಟು ಭಾರವನ್ನಾದರೂ ಹೊರುತ್ತದೆ, ಯಾಕೆಂದರೆ ಅಲ್ಲಿ ಭಾರ ಇಡೀ ಕಲ್ಲಿನ ಮೇಲೆ ಹಂಚಿಹೋಗುತ್ತದೆ. ಕಾರಿನ ಅಂಚು ಕೂರುವುದು ಒಂದೇ ಗೆರೆಯ ಮೇಲೆ. ಆಗ ಅದು ಯಾವ ಸೂಚನೆಯೂ ಕೊಡದೆ ಒಡೆಯುತ್ತದೆ. ದಯವಿಟ್ಟು ಇದನ್ನು ಬಿಟ್ಟುಬಿಡಿ.

ಹೀಗೆ ಮಾಡಿ:

1. ಸಿಮೆಂಟು ನೆಲ ಅಥವಾ ಸಮತಟ್ಟಾದ ಗಟ್ಟಿ ನೆಲ ನೋಡಿ. ಮಣ್ಣೇ ಆದರೆ ಜಾಕ್ ಮತ್ತು ಸ್ಟ್ಯಾಂಡ್ ಅಡಿಗೆ ದಪ್ಪ ಹಲಗೆ ಹಾಕಿ.
2. ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲಿಡಿ, ಆಟೊಮ್ಯಾಟಿಕ್ ಆದರೆ ಪಾರ್ಕಿನಲ್ಲಿ. ಎತ್ತದೆ ಇರುವ ಚಕ್ರಗಳಿಗೆ ಎರಡೂ ಬದಿಯಿಂದ ಕಲ್ಲು ಕೊಡಿ.
3. ಕೈಪಿಡಿ ತೋರಿಸಿದ ಜಾಗಕ್ಕೇ ಜಾಕ್ ಕೊಡಿ. ಬಾಗಿಲ ಕೆಳಗಿನ ತಗಡಿಗೆ ಎಲ್ಲೆಂದರಲ್ಲಿ ಕೊಟ್ಟರೆ ತಗಡು ನುಗ್ಗಾಗುತ್ತದೆ. ಪೇಂಟ್ ಒಡೆದ ಜಾಗದಿಂದ ಮೊದಲ ಮಳೆಗಾಲದಲ್ಲೇ ತುಕ್ಕು ಶುರು.
4. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಕಾರನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಬೀಳುವುದಾದರೆ ನೀವು ಹೊರಗಿರುವಾಗಲೇ ಬೀಳಲಿ.

ಎಂಜಿನ್ ಆಯಿಲ್

1. ಎಂಜಿನ್ ಐದು ನಿಮಿಷ ಓಡಿಸಿ ಆಫ್ ಮಾಡಿ. ಬೆಚ್ಚಗಿದ್ದರೆ ಆಯಿಲ್ ಚೆನ್ನಾಗಿ ಇಳಿಯುತ್ತದೆ. ಪೂರ್ತಿ ಬಿಸಿಯಾದರೆ ಕೈ ಸುಡುತ್ತದೆ.

2. ಸರಿಯಾದ ಬೋಲ್ಟು ಗುರುತಿಸಿ. ಇದನ್ನು ಎರಡು ಸಲ ನೋಡಬೇಕು. ಪಕ್ಕದಲ್ಲೇ ಗೇರ್‌ಬಾಕ್ಸಿನ ಡ್ರೈನ್ ಬೋಲ್ಟೂ ಇರುತ್ತದೆ. ಅಂಕೋಲೆಯ ನನ್ನ ಗೆಳೆಯ ಅದನ್ನೇ ಬಿಚ್ಚಿದ. ಗೇರ್ ಆಯಿಲ್ ಹೋಯಿತು, ಎಂಜಿನ್ ಆಯಿಲ್ ಹಾಗೇ ಉಳಿಯಿತು. ಅದರ ಮೇಲೆ ಮೂರು ಲೀಟರ್ ಹೊಸದನ್ನೂ ಸುರಿದ. ಇಳಿದ ಆಯಿಲ್ ಕಪ್ಪಗಿಲ್ಲ ಎಂದು ಅವನಿಗೆ ಸಂಶಯ ಬಂತು, ಕಾರು ಸ್ಟಾರ್ಟ್ ಮಾಡಲಿಲ್ಲ. ಅಷ್ಟರಿಂದಲೇ ಗೇರ್‌ಬಾಕ್ಸೂ ಎಂಜಿನ್ನೂ ಬಚಾವಾದವು. ಇಳಿದ ಆಯಿಲಿನ ಬಣ್ಣ ಯಾವಾಗಲೂ ನೋಡಿ.

3. ಹೊಸ ವಾಷರ್ ಹಾಕಿ. ತಾಮ್ರದ್ದೋ ಅಲ್ಯುಮಿನಿಯಂದೋ ಆದರೆ ಒಮ್ಮೆ ಒತ್ತಿಹೋದ ಮೇಲೆ ಮತ್ತೆ ಸರಿಯಾಗಿ ಕೂರುವುದಿಲ್ಲ. ಇಪ್ಪತ್ತು ಮೂವತ್ತು ರೂಪಾಯಿಯ ಈ ವಾಷರ್ ಉಳಿಸಲು ಹೋದವರೇ ಬೋಲ್ಟನ್ನು ಜಾಸ್ತಿ ಬಿಗಿ ಮಾಡುತ್ತಾರೆ.

4. ಮೊದಲ ಕೆಲವು ಸುತ್ತು ಬೋಲ್ಟನ್ನು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ತಿರುಗದಿದ್ದರೆ ಓರೆಯಾಗಿ ಕೂತಿದೆ ಎಂದರ್ಥ, ತೆಗೆದು ಮತ್ತೆ ಹಾಕಿ. ಕೊನೆಗೆ ಟಾರ್ಕ್ ರೆಂಚ್. ಸಣ್ಣ ಕಾರುಗಳಲ್ಲಿ ಇದು ಸಾಮಾನ್ಯವಾಗಿ 30ರಿಂದ 40 ನ್ಯೂಟನ್ ಮೀಟರ್ (ಬಿಗಿಯ ಅಳತೆ). ನಿಮ್ಮ ಕಾರಿನದೇ ಸಂಖ್ಯೆ ನೋಡಿಕೊಳ್ಳಿ. 'ಟಕ್' ಎಂದ ಮೇಲೆ ನಿಲ್ಲಿಸಿ.

5. ಫಿಲ್ಟರ್ ತೆಗೆದಾಗ ಹಳೇ ರಬ್ಬರ್ ಬಳೆ ಅದರ ಜೊತೆಗೇ ಬಂತೋ ಎಂದು ನೋಡಿ. ಅದು ಎಂಜಿನ್ನಿಗೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸ ಫಿಲ್ಟರ್ ಹಾಕಿದರೆ ಎರಡು ರಬ್ಬರ್ ಒಂದರ ಮೇಲೊಂದು ಕೂರುತ್ತವೆ. ಅಂಗಳದಲ್ಲಿ ಸೋರುವುದಿಲ್ಲ. ಹೆದ್ದಾರಿಯಲ್ಲಿ ಪ್ರೆಶರ್ ಏರಿದಾಗ ಜಾರಿ, ನಿಮಿಷದಲ್ಲಿ ಆಯಿಲ್ ಪೂರ್ತಿ ರಸ್ತೆಗೆ. ಎಂಜಿನ್ ಜಾಮ್ ಆದರೆ ಖರ್ಚು ಲಕ್ಷದ ಲೆಕ್ಕಕ್ಕೆ ಹೋಗುತ್ತದೆ.

6. ಹೊಸ ಫಿಲ್ಟರಿನ ರಬ್ಬರಿಗೆ ಒಂದು ಬೆರಳು ಆಯಿಲ್ ಸವರಿ. ರಬ್ಬರ್ ತಾಗಿದ ಮೇಲೆ ಕೈಯಿಂದಲೇ ಸುಮಾರು ಮುಕ್ಕಾಲು ಸುತ್ತು ಸಾಕು.

7. ಕೈಪಿಡಿ ಹೇಳಿದ್ದಕ್ಕಿಂತ ಕಾಲು ಲೀಟರ್ ಕಡಿಮೆ ಹಾಕಿ. ಸ್ಟಾರ್ಟ್ ಮಾಡಿ ಒಂದು ನಿಮಿಷ ಬಿಡಿ, ಆಯಿಲ್ ದೀಪ ಆರಿತೋ, ಕೆಳಗೆ ಹನಿ ಬೀಳುತ್ತದೋ ನೋಡಿ. ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಆಯಿಲ್ ಮಟ್ಟ ತೋರಿಸುವ ಕಡ್ಡಿ ಎಳೆದು ನೋಡಿ. ಆಮೇಲೆ ಸ್ವಲ್ಪ ಸ್ವಲ್ಪವೇ ಸೇರಿಸಿ. ಮೇಲಿನ ಗುರುತು ದಾಟಬಾರದು. ದಾಟಿದರೆ ಎಂಜಿನ್ನೊಳಗೆ ತಿರುಗುವ ಕ್ರ್ಯಾಂಕು ಆಯಿಲನ್ನು ಕಡೆದು ನೊರೆ ಮಾಡುತ್ತದೆ. ನೊರೆಗೆ ಪ್ರೆಶರ್ ಇಲ್ಲ, ಸೀಲುಗಳೂ ಸೋರತೊಡಗುತ್ತವೆ. ಹೆಚ್ಚಾದರೆ ಇಳಿಸಿಯೇ ತೆಗೆಯಬೇಕು.

ಗ್ರೇಡಿನ ಬಗ್ಗೆ ಒಂದು ಮಾತು. ನಮ್ಮದು ಸೆಖೆ ಊರು, ದಪ್ಪ ಆಯಿಲೇ ಒಳ್ಳೆಯದು ಎನ್ನುವವರಿದ್ದಾರೆ. ತೆಳು ಆಯಿಲ್ 0ಡಬ್ಲ್ಯೂ-20 ಹೇಳಿದ ಎಂಜಿನ್ನಿಗೆ ದಪ್ಪನೆಯ 20ಡಬ್ಲ್ಯೂ-50 ಹಾಕುವುದು ಸರಿಯಲ್ಲ. ಬಿಎಸ್6 ಹೊಗೆ ನಿಯಮದ ಡೀಸೆಲ್ ಕಾರಾದರೆ ಇನ್ನೂ ಎಚ್ಚರ ಬೇಕು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಅದರಲ್ಲಿದೆ. ಕಡಿಮೆ ಬೂದಿಯ ಆಯಿಲ್ ಬಿಟ್ಟು ಬೇರೆ ಹಾಕಿದರೆ ಅದು ಬೇಗ ಕಟ್ಟಿಕೊಳ್ಳುತ್ತದೆ, ಬದಲಿಸಲು ತುಂಬಾ ದುಬಾರಿ.

ಇಳಿಸಿದ ಹಳೇ ಆಯಿಲನ್ನು ತುಕ್ಕು ಹಿಡಿಯಬಾರದೆಂದು ಕಾರಿನ ಅಡಿಗೆ ಬಳಿಯುವ ಪದ್ಧತಿ ನಮ್ಮಲ್ಲಿ ಹಳೆಯದು. ಅದು ಸಸ್ಪೆನ್ಷನ್ನಿನ ರಬ್ಬರ್ ಬುಷ್ ಉಬ್ಬಿಸಿ ಹಾಳು ಮಾಡುತ್ತದೆ. ಬ್ರೇಕಿನ ಮೇಲೆ ಹನಿದರೆ ಬ್ರೇಕೇ ಹಿಡಿಯದು. ಮನೆಯ ಹಿಂದೆ ಸುರಿಯಲೂಬೇಡಿ, ಹತ್ತು ಮಾರು ದೂರದಲ್ಲೇ ಕುಡಿಯುವ ಬಾವಿ ಇರುತ್ತದೆ ಅಲ್ವಾ? ಕ್ಯಾನಿನಲ್ಲಿ ತುಂಬಿ, ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಬ್ರೇಕ್: ದೇವಿಮನೆ ಘಟ್ಟ ಇಳಿಯುವವರು ನಿಧಾನವಾಗಿ ಓದಿ

ಶಿರಸಿ ನನ್ನ ಹೆಂಡತಿಯ ತವರು. ತಿಂಗಳಿಗೆರಡು ಸಲ ದೇವಿಮನೆ ಘಟ್ಟ ಹತ್ತಿ ಇಳಿಯುತ್ತೇವೆ. ಬ್ರೇಕಿನ ಕೆಲಸದಲ್ಲಿ ನಾನು ಅವಸರ ಮಾಡದಿರುವುದು ಅದಕ್ಕೇ. ಅಂಗಳದಲ್ಲಿ ಸರಿಯಾಗಿ ಹಿಡಿದ ಬ್ರೇಕು ಇಳಿಜಾರಿನ ಹತ್ತನೇ ತಿರುವಿನಲ್ಲಿ ಕೈ ಕೊಡಬಹುದು.

ಮೊದಲು ಬ್ರೇಕ್ ಫ್ಲೂಯಿಡ್. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಆ ಬಿಸಿ ಮುಟ್ಟುವುದು ಕಷ್ಟವೇನಲ್ಲ. ಒಳಗೆ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರು ನಮ್ಮದು. ಕಳೆದ ವರ್ಷ ಒಡೆದು ಅರ್ಧ ಉಳಿಸಿದ ಫ್ಲೂಯಿಡ್ ಡಬ್ಬಿಯಲ್ಲಿ ಎಷ್ಟು ತೇವ ಸೇರಿರುತ್ತದೆ ಯೋಚಿಸಿ. ಅದನ್ನು ಬಳಸಬೇಡಿ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಎಂಜಿನ್ ಆಯಿಲನ್ನಂತೂ ಅದರಲ್ಲಿ ಒಂದು ಚಮಚವೂ ಹಾಕಬಾರದು, ಒಳಗಿನ ರಬ್ಬರ್ ಸೀಲೆಲ್ಲ ಉಬ್ಬಿ ಇಡೀ ಬ್ರೇಕ್ ವ್ಯವಸ್ಥೆಯನ್ನೇ ಬದಲಿಸಬೇಕಾಗುತ್ತದೆ.

ಪ್ಯಾಡ್ ಬದಲಿಸುವ ಕ್ರಮ:

1. ಒಂದು ಬದಿ ಮುಗಿಸಿಯೇ ಇನ್ನೊಂದು ಬದಿ ಬಿಚ್ಚಿ. ಗೊಂದಲವಾದರೆ ನೋಡಿಕೊಳ್ಳಲು ಒಂದು ಬದಿ ಹಾಗೇ ಇರಲಿ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

2. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ತೆಗೆದ ಮೇಲೆ ಅದನ್ನು ಬ್ರೇಕ್ ಪೈಪಿನಲ್ಲಿ ನೇತಾಡಲು ಬಿಡಬೇಡಿ. ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಪೈಪ್ ಒಳಗೊಳಗೇ ಸೀಳಿದರೆ ಹೊರಗಿನಿಂದ ಏನೂ ಕಾಣದು.

3. ಕ್ಯಾಲಿಪರ್ ಜಾರುವ ಎರಡು ಪಿನ್ನು ಹೊರಗೆಳೆದು ನೋಡಿ. ಕರಾವಳಿಯ ಕಾರುಗಳಲ್ಲಿ ಇವು ಉಪ್ಪುಗಾಳಿಗೆ ತುಕ್ಕು ಹಿಡಿದು ಜಾಮ್ ಆಗುವುದು ಮಾಮೂಲು. ಆಗ ಒಂದೇ ಪ್ಯಾಡು ಸವೆಯುತ್ತದೆ. ಒರೆಸಿ, ಬ್ರೇಕಿಗೆಂದೇ ಸಿಗುವ ಗ್ರೀಸನ್ನು ತೆಳ್ಳಗೆ ಹಚ್ಚಿ. ಚಕ್ರಕ್ಕೆ ಹಾಕುವ ಮಾಮೂಲಿ ಗ್ರೀಸು ಇಲ್ಲಿಗೆ ಸಲ್ಲದು. ಪ್ಯಾಡಿನ ಮುಖಕ್ಕೆ ಅಥವಾ ಡಿಸ್ಕಿಗೆ ಗ್ರೀಸು ತಾಗಿದರೆ ಆ ಪ್ಯಾಡು ಎಸೆಯುವುದೇ ಸರಿ.

4. ಕ್ಯಾಲಿಪರಿನ ಪಿಸ್ಟನ್ ಒಳಗೆ ತಳ್ಳುವಾಗ ಬಾನೆಟ್ ಕೆಳಗಿನ ಬ್ರೇಕ್ ಫ್ಲೂಯಿಡ್ ಡಬ್ಬಿಯಲ್ಲಿ ಮಟ್ಟ ಏರುತ್ತದೆ. ಉಕ್ಕಿ ಪೇಂಟ್ ಮೇಲೆ ಬಿದ್ದರೆ ಪೇಂಟ್ ಕಿತ್ತುಬರುತ್ತದೆ. ಬಿದ್ದ ಕೂಡಲೇ ನೀರು ಹಾಕಿ ತೊಳೆಯಿರಿ. ಹಿಂದಿನ ಚಕ್ರಕ್ಕೆ ಡಿಸ್ಕ್ ಇದ್ದರೆ ಕೆಲವು ಕಾರುಗಳಲ್ಲಿ ಪಿಸ್ಟನ್ ತಿರುಗಿಸಿಯೇ ಒಳಗೆ ಕಳಿಸಬೇಕು. ಸುಮ್ನೆ ಒತ್ತಿದರೆ ಮುರಿಯುತ್ತದೆ. ಬಟನ್ ಹ್ಯಾಂಡ್‌ಬ್ರೇಕ್ ಇರುವ ಕಾರಿನ ಹಿಂದಿನ ಪ್ಯಾಡಿಗೆ ಸರ್ವಿಸ್ ಮೋಡ್ ಬೇಕು, ಅದನ್ನು ಗ್ಯಾರೇಜಿಗೇ ಬಿಡಿ.

5. ಎಲ್ಲ ಹಾಕಿದ ಮೇಲೆ, ಕಾರು ಕದಲಿಸುವ ಮೊದಲು, ಪೆಡಲ್ ಗಟ್ಟಿಯಾಗುವವರೆಗೆ ಹತ್ತಿಪ್ಪತ್ತು ಸಲ ಒತ್ತಿ. ಇದನ್ನು ಮರೆತು ರಿವರ್ಸ್ ಹಾಕಿ ನೇರ ಕಾಂಪೌಂಡ್ ಗೋಡೆಗೆ ಗುದ್ದಿದವರನ್ನು ನಾನು ಬಲ್ಲೆ. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ಒತ್ತಿಗೆ ಬ್ರೇಕೇ ಇರುವುದಿಲ್ಲ.

6. ಊರೊಳಗೆ ನಿಧಾನವಾಗಿ ಓಡಿಸಿ ಪ್ಯಾಡು ಕೂರಲು ಬಿಡಿ. ಅದೇ ದಿನ ಘಟ್ಟಕ್ಕೆ ಹೋಗಬೇಡಿ.

ಫ್ಲೂಯಿಡ್ ಬದಲಿಸುವಾಗ ಡಬ್ಬಿ ಖಾಲಿಯಾಗಲು ಬಿಟ್ಟರೆ ಗಾಳಿ, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಘಟಕದೊಳಗೆ ಹೋಗುತ್ತದೆ. ಅದನ್ನು ತೆಗೆಯಲು ಎಷ್ಟೋ ಕಾರುಗಳಲ್ಲಿ ಸ್ಕ್ಯಾನರ್ ಬೇಕು. ಒಬ್ಬರು ಡಬ್ಬಿ ನೋಡಲಿಕ್ಕೇ ನಿಂತಿರಲಿ.

ಚಕ್ರದ ನಟ್ಟು

ಪಂಕ್ಚರ್ ಆದಾಗ ವೀಲ್ ಪಾನಾದ ಮೇಲೆ ಹತ್ತಿ ನಿಂತು ನಟ್ಟು ಬಿಗಿ ಮಾಡುವವರನ್ನು ನೋಡಿರುತ್ತೀರಿ. ಲೆಕ್ಕ ಹಾಕಿ. ಎಷ್ಟೋ ಸಣ್ಣ ಕಾರುಗಳಿಗೆ ಬೇಕಾದ ಬಿಗಿ 85 ನ್ಯೂಟನ್ ಮೀಟರ್ ಆಸುಪಾಸು. ಪಾನಾ ಕಾಲು ಮೀಟರ್ ಉದ್ದ ಇದ್ದರೆ ಅದರ ತುದಿಗೆ ಸುಮಾರು 35 ಕಿಲೋ ಭಾರ ಸಾಕು. 70 ಕಿಲೋ ಮನುಷ್ಯ ಹತ್ತಿ ನಿಂತರೆ ಸರಿಯಾಗಿ ಎರಡು ಪಟ್ಟು. ನಟ್ಟು ಕೂರುವ ಸ್ಟಡ್ ಎಳೆದುಹೋಗುತ್ತದೆ, ಡಿಸ್ಕ್ ಓರೆಯಾಗಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತದೆ. ಮುಂದಿನ ಪಂಕ್ಚರಿಗೆ ನಡುರಸ್ತೆಯಲ್ಲಿ ನಿಮ್ಮ ಮನೆಯವರಿಗೆ ಆ ನಟ್ಟು ಬಿಚ್ಚಲೂ ಆಗದು.

ಎದುರುಬದುರು ನಟ್ಟುಗಳನ್ನು ಸರದಿಯಲ್ಲಿ ಬಿಗಿ ಮಾಡಿ. ಚಕ್ರ ನೆಲಕ್ಕೆ ತಾಗಿದ ಮೇಲೆ ಕೊನೆಯ ಬಿಗಿ. ತುಕ್ಕು ಎಂದು ಸ್ಟಡ್ಡಿಗೆ ಆಯಿಲ್ ಹಚ್ಚಬೇಡಿ, ಅದೇ ಟಾರ್ಕಿಗೆ ನಟ್ಟು ಇನ್ನೂ ಜಾಸ್ತಿ ಎಳೆಯುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿದರೆ ಸಾಕು.

ಕೂಲೆಂಟ್, ಬ್ಯಾಟರಿ, ಪ್ಲಗ್ಗು

ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಒತ್ತಡದಲ್ಲಿರುವ ನೀರು ಮುಚ್ಚಳ ತೆಗೆದ ಕ್ಷಣ ಕುದಿದು ಮುಖಕ್ಕೆ ಹಾರುತ್ತದೆ. ಎಂಜಿನ್ ತಣ್ಣಗಿಡುವ ದ್ರವವಾದ ಕೂಲೆಂಟಿಗೆ ಬಾವಿ ನೀರು ಬೆರೆಸುವುದೂ ದುಬಾರಿ ತಪ್ಪು. ಸಮುದ್ರದ ಹತ್ತಿರದ ಬಾವಿಗಳಲ್ಲಿ ಉಪ್ಪಿನ ಅಂಶ ಇರುತ್ತದೆ. ಅಲ್ಯುಮಿನಿಯಂ ರೇಡಿಯೇಟರನ್ನು ಅದು ಒಳಗಿನಿಂದ ತಿನ್ನುತ್ತದೆ. ಡಿಸ್ಟಿಲ್ಡ್ ವಾಟರ್ ತನ್ನಿ, ಅಥವಾ ಬೆರೆಸಿಯೇ ಬರುವ ಕೂಲೆಂಟ್ ತನ್ನಿ. ಹಸಿರಿಗೆ ಹಸಿರು, ಕೆಂಪಿಗೆ ಕೆಂಪು ಎಂದು ಬಣ್ಣ ನೋಡಿ ಸೇರಿಸುವುದೂ ಸರಿಯಲ್ಲ. ಬಣ್ಣ ಕಂಪನಿಯ ಇಷ್ಟ, ಒಳಗಿನ ರಾಸಾಯನಿಕ ಬೇರೆ ಇರಬಹುದು. ಹೊಸದಾಗಿ ತುಂಬಿದ ಮೇಲೆ ಒಳಗೆ ಸಿಕ್ಕಿದ ಗಾಳಿಯನ್ನು ಕೈಪಿಡಿ ಹೇಳಿದ ಹಾಗೆ ಹೊರಗೆ ಬಿಡಬೇಕು.

ಬ್ಯಾಟರಿ ತೆಗೆಯುವಾಗ ಮೊದಲು ಮೈನಸ್ ಬಿಚ್ಚಿ, ಹಾಕುವಾಗ ಮೈನಸ್ ಕೊನೆಗೆ. ಹಾಗೆ ಮಾಡಿದರೆ ಪಾನಾ ಬಾಡಿಗೆ ತಾಗಿದರೂ ಕಿಡಿ ಹಾರದು. ಜಂಪ್ ಸ್ಟಾರ್ಟ್ ಮಾಡುವಾಗ ವೈರು ಅದಲುಬದಲಾದರೆ ಒಂದು ಕ್ಷಣ ಸಾಕು, ಫ್ಯೂಸು, ಆಲ್ಟರ್ನೇಟರಿನ ಡಯೋಡು, ಕಂಪ್ಯೂಟರ್ ಯಾವುದು ಬೇಕಾದರೂ ಹೋಗಬಹುದು. ಟರ್ಮಿನಲ್ಲಿನ ಬಿಳಿ-ಹಸಿರು ಪುಡಿಗೆ ಅಡುಗೆ ಸೋಡಾ ನೀರು ಹಾಕಿ ಉಜ್ಜಿ, ಒಣಗಿಸಿ, ವ್ಯಾಸಲೀನ್ ಸವರಿ.

ಪ್ಲಗ್ಗನ್ನು ಎಂಜಿನ್ ತಣ್ಣಗಾದ ಮೇಲೆಯೇ ಬಿಚ್ಚಿ. ಬಿಸಿ ಅಲ್ಯುಮಿನಿಯಂ ಹೆಡ್ಡಿನಿಂದ ತೆಗೆದರೆ ತ್ರೆಡ್ಡೇ ಎಳೆದುಕೊಂಡು ಬರಬಹುದು. ಬಿಚ್ಚುವ ಮೊದಲು ಗುಂಡಿಯ ಧೂಳು ಊದಿ ತೆಗೆಯಿರಿ. ಹಾಕುವಾಗ ಬೆರಳಿನಿಂದ ಶುರು ಮಾಡಿ.

ಮಳೆಗಾಲದ ತಪ್ಪುಗಳು

ಶಿರಸಿಯಲ್ಲಿ ಮಾವ ಕಾರು ನಿಲ್ಲಿಸುವುದು ಹಲಸಿನ ಮರದ ಕೆಳಗೆ. ಒಂದು ಜುಲೈಯಲ್ಲಿ ಕಾರಿನ ಒಳಗಿನ ಕಾರ್ಪೆಟ್ ಒದ್ದೆ. ಬಾಗಿಲ ರಬ್ಬರ್ ಹೋಗಿದೆ ಎಂದುಕೊಂಡು ಅವರು ಅದನ್ನು ಬದಲಿಸಿದರು, ಮತ್ತೂ ಒದ್ದೆ. ಅಷ್ಟರಲ್ಲಿ ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್ ಪೆಟ್ಟಿಗೆಗೆ ನೀರು ಇಳಿದು ವೈಪರ್ ನಿಂತಿತು. ತಪ್ಪಿದ್ದದ್ದು ಬೇರೆಲ್ಲೋ. ಮುಂದಿನ ಗಾಜಿನ ಬುಡದಲ್ಲಿ ನೀರು ಹೊರಹೋಗುವ ತೂತುಗಳಿವೆ. ತರಗೆಲೆ ಕೊಳೆತು ಅವು ಮುಚ್ಚಿಹೋಗಿದ್ದವು. ಮೇ ಕೊನೆಗೆ ಬಾನೆಟ್ ಎತ್ತಿ ಆ ಜಾಗವನ್ನು ಕೈ ಹಾಕಿ ಸ್ವಚ್ಛ ಮಾಡಿ, ಒಂದು ಚೊಂಬು ನೀರು ಸುರಿದು ಕೆಳಗೆ ಇಳಿಯುತ್ತದೋ ನೋಡಿ. ಬಾಗಿಲುಗಳ ಕೆಳಅಂಚಿನ ತೂತುಗಳನ್ನೂ ನೋಡಿ. ಅಡಿಗೆ ರಬ್ಬರ್ ಕೋಟಿಂಗ್ ಹೊಡೆಸುವವರು ಎಷ್ಟೋ ಸಲ ಈ ತೂತುಗಳನ್ನೇ ಮುಚ್ಚಿಬಿಡುತ್ತಾರೆ. ನೀರು ಒಳಗೇ ನಿಂತು ತಗಡು ಒಳಗಿನಿಂದ ಕರಗುತ್ತದೆ.

ಕೆಸರು ಎಂದು ಎಂಜಿನ್ನಿಗೆ ಪ್ರೆಶರ್ ನೀರು ಹೊಡೆಯಬೇಡಿ. ಆಲ್ಟರ್ನೇಟರ್, ಕಾಯಿಲ್, ಸೆನ್ಸರ್ ಪಿನ್ನುಗಳಿಗೆ ನೀರು ಹೋಗುತ್ತದೆ. ಬಟ್ಟೆ, ಬ್ರಷ್ಷು ಸಾಕು. ಪ್ರೆಶರ್ ನೀರು ಬೇಕಾದದ್ದು ಕಾರಿನ ಅಡಿಗೆ, ಅದೂ ಕಡಲ ದಂಡೆಗೆ ಹೋಗಿ ಬಂದ ದಿನವೇ.

ಗಾಳಿ ಫಿಲ್ಟರಿಗೂ ಇದೇ ಮಾತು. ಕಂಪ್ರೆಸರ್ ಗಾಳಿ ಹತ್ತಿರದಿಂದ ಹೊಡೆದರೆ ಕಾಗದ ಹರಿದು ಕೆಂಪು ಧೂಳು ನೇರ ಎಂಜಿನ್ನಿಗೆ. ಬದಲಿಸಿಬಿಡಿ.

ನೀರು ನಿಂತ ರಸ್ತೆಯಲ್ಲಿ ಎಂಜಿನ್ ಬಂದ್ ಬಿದ್ದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಒಳಗೆ ನೀರು ಸೇರಿದ್ದರೆ ಪಿಸ್ಟನ್ನಿಗೆ ಅದನ್ನು ಒತ್ತಲಾಗದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿ ಬದಿಗೆ ಹಾಕಿ ಟೋಯಿಂಗ್ ಕರೆಯಿರಿ. ಎಂಜಿನ್ ರಕ್ಷಣೆಯ ಪ್ರತ್ಯೇಕ ವಿಮೆ ಇಲ್ಲದಿದ್ದರೆ ಈ ಖರ್ಚು ನಿಮ್ಮ ಜೇಬಿನಿಂದಲೇ ಹೋಗುವ ಸಂಭವ ಜಾಸ್ತಿ.

ಕೈ ಹಾಕಬಾರದ ಕೆಲಸ

ಏರ್‌ಬ್ಯಾಗ್ ಮತ್ತು ಅದರ ವೈರು, ಸಸ್ಪೆನ್ಷನ್ ಸ್ಪ್ರಿಂಗ್, ಟೈಮಿಂಗ್ ಬೆಲ್ಟ್, ಎಸಿ ಗ್ಯಾಸ್, ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್. ನಾನು ಇವನ್ನು ಮುಟ್ಟುವುದಿಲ್ಲ.

ಎಡವಟ್ಟಾದ ಮೇಲೆ

ತ್ರೆಡ್ ಹೋಯಿತು, ಬೋಲ್ಟು ತುಂಡಾಯಿತು ಎಂದಾಗ ಅಲ್ಲೇ ನಿಲ್ಲಿಸಿ. ದೊಡ್ಡ ನಷ್ಟ ಆಗುವುದು ಅದಾದ ನಂತರದ ಅರ್ಧ ಗಂಟೆಯಲ್ಲಿ. ತುಂಡಾದ ಬೋಲ್ಟನ್ನು ಡ್ರಿಲ್ ಹಾಕಿ ಓರೆ ಮಾಡುತ್ತೇವೆ, ಹೋದ ತ್ರೆಡ್ಡಿಗೆ ಎಂಸೀಲ್ ಹಚ್ಚಿ ಗ್ಯಾರೇಜಿಗೆ ಓಡಿಸಲು ನೋಡುತ್ತೇವೆ. ಬೋಲ್ಟು ಮುಟ್ಟದೆ ಬಿಟ್ಟಿದ್ದರೆ ಲೇತ್ ಅಂಗಡಿಯವರು ಹೊಸ ತ್ರೆಡ್ ಕೂರಿಸಿ ಕೊಡಬಲ್ಲರು. ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ ಏನು ಮಾಡಿದಿರಿ ಎಂದು ಮುಚ್ಚಿಡದೆ ಹೇಳಿ. ಸುಳ್ಳು ಹೇಳಿದರೆ ಅವರು ಹುಡುಕುವ ಸಮಯಕ್ಕೂ ನೀವೇ ದುಡ್ಡು ಕೊಡಬೇಕು.

ಒಂದು ಚಿಕ್ಕ ಪುಸ್ತಕ ಕಾರಿನಲ್ಲೇ ಇಡಿ. ತಾರೀಕು, ಕಿಲೋಮೀಟರ್, ಯಾವ ಆಯಿಲ್, ಎಷ್ಟು ಹಿಡಿಯಿತು, ಯಾವ ಬೋಲ್ಟಿಗೆ ಎಷ್ಟು ಟಾರ್ಕ್ ಎಂದು ಬರೆಯಿರಿ. ಚಕ್ರ ಬಿಚ್ಚಿದ ದಿನ ಮೀಟರ್ ಎಷ್ಟಿತ್ತೆಂದೂ ಬರೆದಿಡಿ. ನೂರು ಕಿಲೋಮೀಟರ್ ಆದ ಮೇಲೆ ನಟ್ಟುಗಳಿಗೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಬೇಕು. ಕುಮಟಾದಿಂದ ಶಿರಸಿಗೆ ಹೋಗಿ ಬಂದರೆ ಅಷ್ಟಾಗುತ್ತದೆ. ನಾನು ಅಂಗಳಕ್ಕೆ ಬಂದು, ಚಕ್ರ ತಣ್ಣಗಾಗಲು ಒಂದು ಗಂಟೆ ಬಿಟ್ಟು ನೋಡುತ್ತೇನೆ.